ಮೊದಲು, ಆಮೇಲೆ

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬಿಸಿಲುಗಾಲ, ಇನ್ನೊಂದು ಕಡುಬಿಸಿಲುಗಾಲ ಎಂದು ಹೊರಗಿನವರು ನಗೆಯಾಡುತ್ತಾರೆ. ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆದ ನಮ್ಮಂಥವರಿಗೆ ಆ ನಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಬೆಳಿಗ್ಗೆ ಒಂಬತ್ತು ದಾಟಿತೆಂದರೆ ಕೋಟೆ ಗುಡ್ಡದ ಬಂಡೆಗಳು ಕಣ್ಣಿಗೆ ಹೊಡೆಯತೊಡಗುತ್ತವೆ. ಹನ್ನೊಂದಕ್ಕೆ ಮನುಷ್ಯರ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಗಟ್ಟಿ ನೆರಳು ಬೀಳುತ್ತದೆ. ಲಗ್ನಪತ್ರಿಕೆ ತೆರೆದು ನೋಡಿದರೆ ಅಭಿಜಿನ್ ಲಗ್ನ, ಮಧ್ಯಾಹ್ನ ಹನ್ನೆರಡರ ಆಸುಪಾಸು. ಅಕ್ಕಿಕಾಳು ಬಿದ್ದು, "ಗುಡಿ ಮುಂದ ಒಂದ್ ನಾಕು ಫೋಟೋ ಹೊಡೀರಿ" ಎಂದು ಮದುಮಕ್ಕಳನ್ನು ಹೊರಗೆ ಕರೆತರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ಇಂಥ ಊರಿನಲ್ಲಿ ಕ್ಯಾಮೆರಾ ಒತ್ತುವುದು ಅರ್ಧ ಕೆಲಸ. ಉಳಿದರ್ಧ ಟಚಿಂಗು.

ಟಚಿಂಗ್ ಕಲಿತದ್ದು ಕಂಪ್ಯೂಟರ್ ಮುಟ್ಟುವ ಎಷ್ಟೋ ಮುಂಚೆ. ಸಿರುಗುಪ್ಪದಲ್ಲಿ ಪಿಯುಸಿಗೆ ಮಂಗಳ ಹಾಡಿದ ಮೇಲೆ, ರೈಸ್ ಮಿಲ್ಲಿನಲ್ಲಿ ಚೀಲ ಎಣಿಸುವ ಗುಮಾಸ್ತಿಕೆ ನನಗಾಗಿ ಕಾದಿತ್ತು. ಅದರಿಂದ ತಪ್ಪಿಸಿಕೊಂಡು ಬಳ್ಳಾರಿಗೆ ಬಸ್ಸು ಹತ್ತಿ, ಬ್ರೂಸ್‌ಪೇಟೆ ಕಡೆಯ ಒಂದು ಸ್ಟುಡಿಯೋ ಸೇರಿದೆ. ಅಲ್ಲಿನ ಯಜಮಾನರು ಮಾತು ಕಡಿಮೆ, ಕೈಕೆಲಸ ಹೆಚ್ಚು ಎನ್ನುವ ಜಾತಿಯವರು. ಕಿಟಕಿ ಪಕ್ಕ ಅವರ ಟಚಿಂಗ್ ಡೆಸ್ಕು. ಇಳಿಜಾರಿನ ಮರದ ಚೌಕಟ್ಟು, ನಡುವೆ ಉಜ್ಜಿದ ಗಾಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲ್ ಹಿಡಿಯಲೆಂದು ಮುಖದ ಜಾಗಕ್ಕಷ್ಟೇ ಹತ್ತಿಯಿಂದ ಒಂದು ಅಂಟು ದ್ರವವನ್ನು ಸವರುತ್ತಿದ್ದರು. ಪೆನ್ಸಿಲ್ಲಿನ ಸೀಸವನ್ನು ಬೆರಳುದ್ದ ಬಿಡಿಸಿ ಉಪ್ಪುಕಾಗದದಲ್ಲಿ ಸೂಜಿಮೊನೆ ಬರುವತನಕ ಮಸೆಯುವುದು ನನ್ನ ಪಾಲಿನ ಕೆಲಸ. ಆಮೇಲೆ ಅವರು ಒತ್ತಿಯೂ ಒತ್ತದ ಹಾಗೆ ಚುಕ್ಕೆ, ಸಣ್ಣ ಕೊಂಕು, ಮತ್ತೆ ಚುಕ್ಕೆ ಇಡುತ್ತ ಹೋಗುವರು.

ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಸುಕ್ಕು, ಮೊಡವೆಯ ನೆರಳು ಅಲ್ಲಿ ತೆಳ್ಳಗೆ, ಬೆಳಕು ಹಾಯುವ ಹಾಗೆ ಕಾಣುತ್ತವೆ. ಆ ತೆಳುವನ್ನು ಸೀಸದಿಂದ ತುಂಬಿದರೆ ಬೆಳಕು ಅಲ್ಲಿ ತಡೆಯುತ್ತದೆ. ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗಿ ಸುತ್ತಲಿನ ಚರ್ಮದೊಳಗೆ ಸೇರಿಹೋಗುತ್ತದೆ. ತುಂಬಿದ್ದು ಒಂದು ಗುಲಗಂಜಿ ಹೆಚ್ಚಾದರೆ ಪ್ರಿಂಟಿನಲ್ಲಿ ಬಿಳಿ ಮಚ್ಚೆ. ಯಜಮಾನರು ಬಾಯಿಬಿಟ್ಟು ಕಲಿಸಿದ ಪಾಠ ಒಂದೇ: "ಹದಿನೈದು ದಿನದಾಗ ತಾನಾಗೇ ಹೋಗೋದನ್ನ ನೀನು ಇವತ್ತೇ ತೆಗಿ. ಹುಟ್ಟುತ್ತಾ ಬಂದಿದ್ದಕ್ಕ, ಬದುಕಿ ಗಳಿಸಿದ್ದಕ್ಕ ಕೈ ಹಚ್ಚಬ್ಯಾಡ." ಮೊಡವೆ, ಬೆವರುಸಾಲೆ, ಕ್ಷೌರದ ಗಾಯ ಮೊದಲನೆಯ ಪಟ್ಟಿ. ಮಚ್ಚೆ, ಹಳೆಯ ಕಲೆ, ಹಣೆಯ ಗೆರೆ ಎರಡನೆಯದು. ಗಿರಾಕಿ ಒತ್ತಾಯ ಮಾಡಿದರೆ ಗೆರೆಯನ್ನು ಸ್ವಲ್ಪ ತಿಳಿ ಮಾಡುತ್ತಿದ್ದರೇ ಹೊರತು ಅಳಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಟಚ್ ಮಾಡುವ ಮುಂಚಿನ ಒಂದು ಪ್ರಿಂಟು, ಆಮೇಲಿನದೊಂದು, ಎರಡನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಡುವರು. ಗಿರಾಕಿ ನೋಡಿ ಒಪ್ಪಿದ ಮೇಲೆಯೇ ಫ್ರೇಮು.

ಈ ವಿದ್ಯೆ ಫೋಟೋಗ್ರಫಿಯಷ್ಟೇ ಹಳೆಯದೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಕಾಲದಲ್ಲಿ ಆ ಸರ್ಕಾರದ ಫೋಟೋಗ್ರಾಫರ್ ಆಗಿದ್ದವನು ಲಿನಿಯಸ್ ಟ್ರೈಪ್. 1850ರ ದಶಕದಲ್ಲಿ ಮಧುರೆ, ತಂಜಾವೂರುಗಳ ಗುಡಿಗೋಪುರಗಳನ್ನು ಕಾಗದದ ನೆಗೆಟಿವಿನಲ್ಲಿ ಹಿಡಿದ. ಆ ನೆಗೆಟಿವುಗಳಿಂದ ತೆಗೆದ ಪ್ರಿಂಟುಗಳಲ್ಲಿ ಆಕಾಶ ಬರೀ ಬಿಳಿಯಾಗಿ ಬರುತ್ತಿತ್ತು. ಟ್ರೈಪ್ ಕುಂಚ ಹಿಡಿದು ನೆಗೆಟಿವಿನ ಮೇಲೆಯೇ ಮೋಡ ಬರೆದ, ಗಿಡದ ಎಲೆಗಳಿಗೆ ಬಣ್ಣ ಹಚ್ಚಿದ. ನೂರೈವತ್ತು ವರ್ಷ ಕಳೆದು ನಮ್ಮ ಹುಡುಗರು ಮದುವೆ ಆಲ್ಬಮ್ಮಿನಲ್ಲಿ ಬಳ್ಳಾರಿಯ ಬೋಳು ಆಕಾಶ ಕಿತ್ತು ಸ್ವಿಟ್ಜರ್ಲೆಂಡಿನ ಮೋಡ ಅಂಟಿಸುವಾಗ, ಇವರಿಗೊಬ್ಬ ಹಿರಿಯಣ್ಣ ಇದ್ದಾನಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೇನೆ.

ನಿಕಾನ್ ಡಿ70 ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅದಾಗಿ ಸ್ವಲ್ಪ ಕಾಲಕ್ಕೆ ಯಜಮಾನರು ಬೈಕು ಮಾರಿ, ಮೇಲೆ ಸಾಲ ಮಾಡಿ ಒಂದನ್ನು ತಂದರು. ಆರು ಮೆಗಾಪಿಕ್ಸೆಲ್. ಇವತ್ತು ಕಡಿಮೆ ಬೆಲೆಯ ಮೊಬೈಲೂ ಅದನ್ನು ನೋಡಿ ನಗುತ್ತದೆ. ಆದರೆ ಬಳ್ಳಾರಿಯ ಬಿಸಿಲಿಗೆ ಹೇಳಿ ಮಾಡಿಸಿದ ಒಂದು ಗುಣ ಆ ಕ್ಯಾಮೆರಾಕ್ಕಿತ್ತು. ನಮ್ಮ ಹಳೆಯ ಪೆಂಟಾಕ್ಸ್ ಕೆ1000ದಲ್ಲಿ ಫ್ಲ್ಯಾಶ್ ಹೊಂದುವ ಶಟರ್ ವೇಗ ಸೆಕೆಂಡಿನ 60ನೇ ಒಂದು ಭಾಗ ಮಾತ್ರ. ಮಟಮಟ ಮಧ್ಯಾಹ್ನದಲ್ಲಿ 60ಕ್ಕೆ ಇಟ್ಟರೆ ಅಪರ್ಚರನ್ನು 16, 22ರವರೆಗೆ ಮುಚ್ಚಬೇಕು. ಅಷ್ಟು ಮುಚ್ಚಿದರೆ ಫ್ಲ್ಯಾಶಿನ ಬೆಳಕು ಮದುಮಗಳ ಮುಖ ತಲುಪುವಷ್ಟರಲ್ಲೇ ಸಾಯುತ್ತದೆ. ಡಿ70 500ನೇ ಒಂದು ಭಾಗದವರೆಗೂ ಫ್ಲ್ಯಾಶಿಗೆ ಹೊಂದುತ್ತಿತ್ತು. ಬಿಸಿಲನ್ನು ಶಟರಿನಿಂದ ತಗ್ಗಿಸಿ, ಹುಬ್ಬಿನ ಕೆಳಗಿನ ನೆರಳನ್ನು ಫ್ಲ್ಯಾಶಿನಿಂದ ತುಂಬಿದರೆ ಅರ್ಧ ಟಚಿಂಗ್ ಅಲ್ಲೇ ಮುಗಿಯಿತು. ಸಿರುಗುಪ್ಪದ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ, "ಇಷ್ಟು ಬಿಸಿಲಾಗ ಲೈಟ್ ಹೊಡೀತೀಯಲ್ಲೋ ತಮ್ಮಾ, ಕಣ್ಣು ಕಾಣ್ತಾವೋ ಇಲ್ಲೋ" ಎಂದು ಕೇಳಿದ್ದರು. ಆಲ್ಬಮ್ ನೋಡಿದ ಮೇಲೆ ಅವರೇ ಬೀಗರಿಗೆ, "ಆ ಹುಡುಗ ಬಿಸಿಲಾಗೂ ಲೈಟ್ ಹೊಡೀತಾನ, ಅವನ್ನೇ ಕರೀರಿ" ಎಂದು ಹೇಳಿಕೊಟ್ಟರು. 2008ರಲ್ಲಿ ಬಂದ ಡಿ90 ಉಳಿದೆಲ್ಲದರಲ್ಲೂ ಮೇಲು, ವಿಡಿಯೋ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಗ್ಗಳಿಕೆ ಬೇರೆ. ಈ ಒಂದು ಲೆಕ್ಕದಲ್ಲಿ ಮಾತ್ರ ಅದು 200ಕ್ಕೇ ನಿಂತಿತು.

ಡಿಜಿಟಲ್ ಬಂದ ಕಾಲವೂ ಅದಿರಿನ ಕಾಲವೂ ನಮ್ಮಲ್ಲಿ ಒಟ್ಟಿಗೇ ಕಾಲಿಟ್ಟವು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲೂ ರಾತ್ರಿ ಅದಿರು ಲಾರಿಗಳ ಸಾಲು. ರಸ್ತೆ ಬದಿಯ ಬೇವಿನ ಗಿಡವೂ ಕೆಂಪು, ಗಿಡದ ಕೆಳಗಿನ ಚಹಾದಂಗಡಿಯ ತಗಡೂ ಕೆಂಪು. ಲೆನ್ಸ್ ಬದಲಿಸಲು ಕ್ಯಾಮೆರಾ ಬಾಯಿ ತೆರೆದರೆ ಆ ಧೂಳು ಸೀದಾ ಸೆನ್ಸರಿನ ಮೇಲೆ. ಆಗಿನ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಧೂಳು ತಾನೇ ಕೊಡವಿಕೊಳ್ಳುವ ಸೌಲಭ್ಯವಿರಲಿಲ್ಲ. ಕ್ಯಾನನ್‌ನ 400ಡಿಯಲ್ಲಿ ಅದು ಬಂದದ್ದು 2006ರಲ್ಲಿ. ಅಪರ್ಚರ್ ಅಗಲವಾಗಿದ್ದರೆ ಧೂಳು ಕಾಣುವುದಿಲ್ಲ. 11, 16ಕ್ಕೆ ಮುಚ್ಚಿದರೆ ಆಕಾಶದ ತುಂಬ ಮಸುಕು ಚುಕ್ಕೆಗಳು, ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ. ಒಂದು ಮದುವೆಗೆ ಐನೂರು ಫೋಟೋ ಎಂದರೆ ಐನೂರರಲ್ಲೂ ಅವೇ ಚುಕ್ಕೆ. ಅವನ್ನು ತೆಗೆಯುತ್ತ ಕೂತಾಗಲೇ ನಾನು ಫೋಟೋಶಾಪಿನ ಹೀಲಿಂಗ್ ಬ್ರಷ್ಷಿನಲ್ಲಿ ಕೈ ಪಳಗಿಸಿಕೊಂಡೆ.

2002ರ ಫೋಟೋಶಾಪ್ 7ರಲ್ಲಿ ಬಂದ ಸಲಕರಣೆ ಅದು. ಅದಕ್ಕೆ ಮುಂಚಿನ ಕ್ಲೋನ್ ಸ್ಟಾಂಪು ಒಂದು ಜಾಗದ ಚರ್ಮವನ್ನು ಇದ್ದಂತೆ ಎತ್ತಿ ಇನ್ನೊಂದು ಜಾಗಕ್ಕೆ ಅಂಟಿಸುತ್ತಿತ್ತು. ಕೆನ್ನೆಯ ತುಂಡು ಹಣೆಗೆ ಹೋದರೆ ತೇಪೆ ಕಾಣುತ್ತಿತ್ತು. ಹೀಲಿಂಗ್ ಬ್ರಷ್ಷು ಚರ್ಮದ ನೆಯ್ಗೆಯನ್ನು ಮಾತ್ರ ಅಲ್ಲಿಂದ ತಂದು, ಬಣ್ಣ ಮತ್ತು ಬೆಳಕನ್ನು ಇಲ್ಲಿನದಕ್ಕೇ ಹೊಂದಿಸುತ್ತದೆ. ಯಜಮಾನರು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಬಹಳ ಹೊತ್ತು ನೋಡಿದರು. ಕೊನೆಗೆ, "ನನ್ನ ಪೆನ್ಸಿಲ್ಲನ್ನ ಯಾರೋ ಇದರಾಗ ಇಟ್ಟಾರ" ಎಂದರು. ಆ ಮಾತಿನಲ್ಲಿ ಬೇಸರವಿರಲಿಲ್ಲ, ಹೆಮ್ಮೆಯಿತ್ತು. ಅವತ್ತಿನಿಂದ ಟಚಿಂಗ್ ಡೆಸ್ಕಿನ ಮೇಲೆ ಯುಪಿಎಸ್ ಬಂದು ಕೂತಿತು.

ಅದಿರಿನ ದುಡ್ಡು ಓಡಾಡಿದ ವರ್ಷಗಳಲ್ಲಿ ಮದುವೆಗಳು ದೊಡ್ಡವಾದವು, ಆಲ್ಬಮ್ಮುಗಳೂ ದೊಡ್ಡವಾದವು. ಹನ್ನೆರಡು ಇಂಚು ಅಗಲ, ಬಿಡಿಸಿದರೆ ಮೂವತ್ತಾರು ಇಂಚು ಉದ್ದದ ಹಾಳೆಗಳ ಕರಿಜ್ಮಾ ಆಲ್ಬಂ. ಅದಕ್ಕೆಂದೇ ತಯಾರಾದ ಪಿಎಸ್‌ಡಿ ಡಿಸೈನುಗಳ ಡಿವಿಡಿಗಳು ಹೈದರಾಬಾದಿನಿಂದಲೂ ಬೆಂಗಳೂರಿನಿಂದಲೂ ಬರುತ್ತಿದ್ದವು. ಹೂವು, ಚಿಟ್ಟೆ, ಜಲಪಾತ, ಅರ್ಥವಾಗದ ಇಂಗ್ಲಿಷ್ ಕವಿತೆ. ನಡುವೆ ನಮ್ಮ ಕೌಲ್‌ಬಜಾರಿನ ವರ. ಕೌಂಟರಿಗೆ ಬಂದವರ ಮೊದಲ ಮಾತು ಒಂದೇ: "ಸ್ವಲ್ಪ ಬೆಳ್ಳಗ ಮಾಡ್ರಿ." ಮದುಮಗ ತೆಲುಗು ಹೀರೋ ಹಾಗೆ ಕಾಣಬೇಕು, ಮದುಮಗಳು ಕ್ರೀಮಿನ ಜಾಹೀರಾತಿನ ಹುಡುಗಿ ಹಾಗೆ. ಊರ ತುಂಬ ಫ್ಲೆಕ್ಸುಗಳು ಎದ್ದದ್ದೂ ಆಗಲೇ. ರಾಯಲ್ ಸರ್ಕಲ್ಲಿನಿಂದ ಮೋತಿ ಸರ್ಕಲ್ಲಿನವರೆಗೆ ಹುಟ್ಟುಹಬ್ಬದ ಶುಭಾಶಯ. ಅದರಲ್ಲಿ ಎಲ್ಲ ನಾಯಕರೂ ಒಂದೇ ಬಣ್ಣ, ಒಂದೇ ವಯಸ್ಸು. ಬಿಸಿಲಿಗೆ ಕಂದಿದ ಜನರೇ ಆ ಬ್ಯಾನರಿನ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು.

ಈ ಬಿಳಿಯ ಹುಚ್ಚು ಬರೀ ನಮ್ಮ ಗಿರಾಕಿಗಳದ್ದೆಂದು ನಾನು ಬಹಳ ಕಾಲ ತಿಳಿದಿದ್ದೆ. ಅದರ ಬೇರು ಫಿಲ್ಮಿನಲ್ಲೇ ಇತ್ತು. ಕಲರ್ ಲ್ಯಾಬುಗಳು ಪ್ರಿಂಟಿನ ಬಣ್ಣ ಸರಿಯಿದೆಯೇ ಎಂದು ನೋಡಲು ಕೊಡಾಕ್ ಕಂಪನಿಯ ಒಂದು ಮಾದರಿ ಕಾರ್ಡನ್ನು ಬಳಸುತ್ತಿದ್ದವು. ಶರ್ಲಿ ಕಾರ್ಡ್ ಎಂದು ಅದರ ಹೆಸರು. ದಶಕಗಳ ಕಾಲ ಅದರ ಮೇಲಿದ್ದದ್ದು ಬಿಳಿ ಹೆಂಗಸಿನ ಮುಖ. ಆ ಮುಖ ಸರಿಯಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ನಮ್ಮ ಎಣ್ಣೆಗೆಂಪು, ನಮ್ಮ ಕಪ್ಪು ಆ ಲೆಕ್ಕದಲ್ಲಿ ಇರಲೇ ಇಲ್ಲ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಕಪ್ಪು ಮುಖದಲ್ಲಿ ಕಣ್ಣು, ಹಲ್ಲು ಮಾತ್ರ ಕಾಣುವ ಗ್ರೂಪ್ ಫೋಟೋಗಳನ್ನು ನೋಡಿ ನೋಡಿ ಜನಕ್ಕೆ ತಮ್ಮ ಬಣ್ಣದ ಮೇಲೇ ಬೇಸರ ಹುಟ್ಟಿದ್ದರೆ ಆಶ್ಚರ್ಯವೇನು? ಕಪ್ಪು ಚರ್ಮಕ್ಕೆ ಬೇಕಾದದ್ದು ಬೆಳಕು. ಪಕ್ಕದಿಂದ ಒಂದು ಮೆತ್ತನೆಯ ಬೆಳಕು ಕೊಟ್ಟರೆ ಅದರ ಹೊಳಪೇ ಬೇರೆ. ಅದನ್ನು ತೋರಿಸಿಕೊಟ್ಟ ಮೇಲೆ "ಬೆಳ್ಳಗ ಮಾಡ್ರಿ" ಎಂದ ಎಷ್ಟೋ ಜನ ಸುಮ್ಮನಾಗಿದ್ದಾರೆ.

ಬಣ್ಣದ ಮಾತು ಬಂದಾಗ ಅರಿಷಿಣವನ್ನು ಬಿಡುವ ಹಾಗಿಲ್ಲ. ಮದುವೆಯ ಹಿಂದಿನ ದಿನ ಅರಿಷಿಣ ಹಚ್ಚಿಸಿಕೊಂಡ ಹುಡುಗಿಯ ಮುಖ ಹಳದಿಯಾಗಿಯೇ ಇರಬೇಕು. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸಿಗೆ ಇದು ತಿಳಿಯುವುದಿಲ್ಲ. ಫ್ರೇಮಿನ ತುಂಬ ಹಳದಿ ಕಂಡ ಕೂಡಲೇ ಬೆಳಕೇ ಹಳದಿಯೆಂದು ತಿಳಿದು ಮುಖಕ್ಕೆ ನೀಲಿ ಸುರಿಯುತ್ತದೆ. ಲ್ಯಾಬಿನಲ್ಲಿ ಕೂತವನು ಇನ್ನಷ್ಟು 'ಸರಿ' ಮಾಡುತ್ತಾನೆ. ಕೊನೆಗೆ ಅರಿಷಿಣವೆಲ್ಲ ತೊಳೆದುಹೋದ ಬೂದು ಮುಖ. ಒಬ್ಬ ತಾಯಿ ಬೇರೊಂದು ಕಡೆ ಮಾಡಿಸಿದ ಅಂಥ ಆಲ್ಬಮ್ಮನ್ನು ನಮ್ಮ ಕೌಂಟರಿನ ಮೇಲೆ ಇಟ್ಟು, "ಅಣ್ಣಾ, ನನ್ನ ಮಗಳಿಗೆ ಅರಿಷಿಣಾನೇ ಹಚ್ಚಿಲ್ಲೇನೋ ಅನ್ನಂಗ ಮಾಡ್ಯಾರ, ಹಾಕಿ ಕೊಡ್ರಿ" ಎಂದರು. ಫೈಲು ತಂದಿದ್ದರು, ಹಳದಿಯನ್ನು ವಾಪಸು ತಂದೆವು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಹಳ್ಳಿಯ ಬಯಲುಗಳಲ್ಲಿ ನಿಂತವು, ಮದುವೆಗಳು ಚಿಕ್ಕವಾದವು, ಆಲ್ಬಮ್ಮಿನ ಹಾಳೆಗಳೂ ಕಡಿಮೆಯಾದವು. ನಾನು ಅಷ್ಟರಲ್ಲಿ ಸ್ವಂತವಾಗಿ ಒಂದು ಕೋಣೆ ಹಿಡಿದು, ಊರೂರಿಗೆ ಓಡಾಡಿ ಕೆಲಸ ಮಾಡುತ್ತಿದ್ದೆ. ಹೆಚ್ಚು ಹೋಗುತ್ತಿದ್ದದ್ದು ಕುರುಗೋಡಿಗೆ. ದೊಡ್ಡಬಸವೇಶ್ವರನ ತೇರು ಒಂದು ಕಾರಣ, ಮೆಣಸಿನಕಾಯಿ ಇನ್ನೊಂದು. ಸುಗ್ಗಿಯ ಕಾಲಕ್ಕೆ ಅಲ್ಲಿನ ಕಣಗಳಲ್ಲಿ ಕಾಯಿ ಹರವಿದರೆ ನೆಲವೇ ಕೆಂಪು. ಡಿಜಿಟಲ್ ಕ್ಯಾಮೆರಾಗಳಿಗೆ ಕೆಂಪೆಂದರೆ ಒಂದು ದೌರ್ಬಲ್ಯ. ನೀಲಿ, ಹಸಿರು ಇನ್ನೂ ಅರ್ಧದಲ್ಲಿರುವಾಗಲೇ ಕೆಂಪಿನ ಚಾನೆಲ್ ತುಂಬಿ ಹೊರಚೆಲ್ಲುತ್ತದೆ. ಕಾಯಿಯ ಸುಕ್ಕು, ತೊಟ್ಟು ಏನೂ ಇಲ್ಲದೆ ಬರೀ ಕೆಂಪು ಬಣ್ಣದ ಹಾಸು ಉಳಿಯುತ್ತದೆ. ಒಂದು ಸ್ಟಾಪು ಕಡಿಮೆ ಎಕ್ಸ್‌ಪೋಸ್ ಮಾಡಿ, ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ ತೆಗೆದು, ಆಮೇಲೆ ಎತ್ತಬೇಕು. ಅಲ್ಲಿ ಕೂತು ತೊಟ್ಟು ಮುರಿಯುವ ಹೆಂಗಸರ ಗದ್ದದ ಕೆಳಗೂ ಆ ಕೆಂಪು ಬಡಿದಿರುತ್ತದೆ. ನಾನದನ್ನು ಪೂರ್ತಿ ತೆಗೆಯುವುದಿಲ್ಲ. ಆ ಕಣದ ಬೆಳಕೇ ಹಾಗೆ.

ಅಂಥದೊಂದು ಕಣದ ಮನೆಯ ಅಜ್ಜಿಯ ಫೋಟೋ ನೆನಪಾಗುತ್ತದೆ. ಹಣೆಗೆ, ಗದ್ದಕ್ಕೆ ಹಸಿರು ಹಚ್ಚೆ. ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದವನು, ಗೃಹಪ್ರವೇಶಕ್ಕೆ ದೊಡ್ಡ ಫ್ರೇಮು ಮಾಡಿಸಬೇಕೆಂದು ಬಂದಿದ್ದ. "ಸುಕ್ಕು ತೆಗೀರಿ, ಆ ಹಚ್ಚೆ ಕಲೆ ಹಂಗ ಕಾಣ್ತೈತಿ, ಅದನ್ನೂ ತೆಗೀರಿ" ಎಂದ. ಮಾಡಿ, ಮೊದಲಿನದನ್ನೂ ಆಮೇಲಿನದನ್ನೂ ಸ್ಕ್ರೀನಿನ ಮೇಲೆ ಪಕ್ಕಪಕ್ಕ ಇಟ್ಟು, ಅಜ್ಜಿಯನ್ನೇ ಕರೆದು ತೋರಿಸಿದೆ. ಆಕೆ ಎರಡನ್ನೂ ನೋಡಿ, ಟಚ್ ಮಾಡಿದ್ದರ ಕಡೆ ಬೆರಳು ತೋರಿಸಿ, "ಇಕಿಗೆ ಹಚ್ಚೆ ಹಾಕಿಸಾಕ ಅವರಪ್ಪನ ಹಂತ್ಯಾಕ ರೊಕ್ಕ ಇದ್ದಿಲ್ಲೇನು?" ಎಂದಳು. ಮೊಮ್ಮಗನಿಗೆ ಮಾತೇ ಹೊರಡಲಿಲ್ಲ. ಅಷ್ಟಕ್ಕೇ ಬಿಡದೆ, "ಹಚ್ಚೆ ಇರಲಿ, ಮೂಗುಬೊಟ್ಟು ಹಾಕು. ಅದು ಅವತ್ತು ಅಡವಿನಾಗ ಇತ್ತು, ಮನಿಯಾಗ ಇದ್ದಿಲ್ಲ" ಎಂದಳು.

ಯಜಮಾನರ ಎರಡು ಪಟ್ಟಿಯಲ್ಲಿ ಇದು ಯಾವುದಕ್ಕೂ ಸೇರುವುದಿಲ್ಲ. ಫೋಟೋದಲ್ಲಿ ಇಲ್ಲದ್ದು, ಆದರೆ ಆಕೆಯದ್ದೇ. ಹಳೆಯ ಫೋಟೋ ಏನಾದರೂ ಉಂಟೇ ಎಂದು ಕೇಳಿದೆ. ಮಗಳ ಮದುವೆಯ ಒಂದು ಗ್ರೂಪ್ ಫೋಟೋ ಸಿಕ್ಕಿತು, ಅದರಲ್ಲಿ ಏಳು ಕಲ್ಲಿನ ಮೂಗುಬೊಟ್ಟು. ಅದನ್ನೇ ಸ್ಕ್ಯಾನ್ ಮಾಡಿ, ಅಲ್ಲಿಂದ ಎತ್ತಿ ಇಲ್ಲಿ ಕೂರಿಸಿದೆ. ಇಂಟರ್ನೆಟ್ಟಿನಿಂದ ಯಾವುದೋ ಒಡವೆ ತಂದು ಹಾಕಿದ್ದರೆ ನಿಮಿಷದ ಕೆಲಸ. ಆದರೆ ಆಕೆ ಕಣ್ಣಿಟ್ಟು ಕಲ್ಲು ಎಣಿಸುವವಳು. ಬೇರೆ ಫೋಟೋದ ಸಾಕ್ಷಿ ಇದ್ದರೆ ತರಬಹುದು, ಇಲ್ಲದಿದ್ದರೆ ಬಿಡಬೇಕು ಎಂಬುದು ಅಲ್ಲಿಂದ ನನ್ನ ಮೂರನೆಯ ಪಟ್ಟಿ.

ಈ ಪಟ್ಟಿಯ ಬೆಲೆ ತಿಳಿದದ್ದು ನೆರೆಯಲ್ಲಿ ನೆನೆದ ಆಲ್ಬಮ್ಮುಗಳ ಮುಂದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವೆಲ್ಲ ಮುಳುಗಿದಾಗ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ ಒಂದು ಕಡೆ, ಹಗರಿ ಇನ್ನೊಂದು ಕಡೆ. ಭತ್ತ ಹೋಯಿತು, ಗೋಡೆ ಹೋಯಿತು, ದನ ಹೋದವು. ನೀರು ಇಳಿದು, ಪರಿಹಾರದ ಸಾಲು ಮುಗಿದು, ಎಷ್ಟೋ ತಿಂಗಳ ಮೇಲೆ ಜನ ಪ್ಲಾಸ್ಟಿಕ್ ಚೀಲದಲ್ಲಿ ಆಲ್ಬಮ್ಮು ಹಿಡಿದುಕೊಂಡು ಬರತೊಡಗಿದರು. ನೆನೆದ ಫೋಟೋಗಳು ಒಣಗುವಾಗ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಕಚ್ಚಿಕೊಂಡಿದ್ದವು. ಫೋಟೋ ಕಾಗದದ ಮೇಲಿನ ಬಣ್ಣ ಜೆಲಟಿನ್ ಪದರದಲ್ಲಿರುತ್ತದೆ. ಒಣಗಿದ ಮೇಲೆ ಎಳೆದರೆ ಮುಖ ಪ್ಲಾಸ್ಟಿಕ್ಕಿನ ಜತೆ ಎದ್ದು ಬರುತ್ತದೆ. ಅದನ್ನು ಮತ್ತೆ ಶುದ್ಧ ನೀರಿನಲ್ಲಿ ನೆನೆಸಿ, ಮೂಲೆಯಿಂದ ಮೆಲ್ಲಗೆ ಬಿಡಿಸಿ, ಮುಖ ಮೇಲಾಗಿ ಬಟ್ಟೆಯ ಮೇಲೆ ಹಾಸಿ, ನೆರಳಲ್ಲಿ ಒಣಗಿಸಬೇಕು. ಎಳೆದು ನೋಡಲಾಗದಷ್ಟು ಕಚ್ಚಿದ್ದರೆ ಪ್ಲಾಸ್ಟಿಕ್ಕಿನ ಸಮೇತ ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಮೊದಲ ಕೆಲಸ.

ಕಲರ್ ಫೋಟೋ ಸಾಯುವ ಬಗೆಯನ್ನು ನಾನು ಆಗ ಹತ್ತಿರದಿಂದ ಕಂಡೆ. ಕಾಗದದ ಮೇಲೆ ಬಣ್ಣದ ಮೂರು ಪದರ. ಎ‍ಲ್ಲಕ್ಕೂ ಮೇಲೆ ಹಸಿರುನೀಲಿ, ನಡುವೆ ಗುಲಾಬಿ ನೇರಳೆ, ಅಡಿಯಲ್ಲಿ ಹಳದಿ. ನೀರು ಮೇಲಿನಿಂದ ತಿನ್ನುತ್ತ ಬರುತ್ತದೆ. ಮೊದಲ ಪದರ ಹೋದ ಕಡೆ ಫೋಟೋ ಬೆಂಕಿಗೆಂಪು, ಎರಡನೆಯದೂ ಹೋದರೆ ಹಳದಿ, ಮೂರನೆಯದೂ ಹೋದರೆ ಬರೀ ಬಿಳಿ ಕಾಗದ. ಹಾಳಾದ ಪ್ರತಿ ಜಾಗದ ಅಂಚಿನಲ್ಲೂ ಇದೇ ಕ್ರಮ. ಕೆಂಪಿನಲ್ಲಿ ಇನ್ನೂ ಗೆರೆ ಉಳಿದಿರುತ್ತದೆ, ಚಾನೆಲ್ ಬಿಡಿಸಿ ನೋಡಿದರೆ ಮುಖ ಸಿಗುತ್ತದೆ. ಹಳದಿಯಲ್ಲೂ ನೀಲಿ ಚಾನೆಲ್ಲಿನಿಂದ ಅಲ್ಪಸ್ವಲ್ಪ ಹೆಕ್ಕಬಹುದು. ಬಿಳಿಯಲ್ಲಿ ಏನೂ ಇಲ್ಲ.

ಹಗರಿ ದಂಡೆಯ ಒಂದು ಮನೆಯವರು ತಂದಿದ್ದ ಫೋಟೋದಲ್ಲಿ ಆ ಬಿಳಿ ಬಿದ್ದದ್ದು ತೀರಿಹೋದ ಯಜಮಾನನ ಎಡಗಣ್ಣು, ಕೆನ್ನೆಯ ಮೇಲೆ. ಅಂಗಿ, ಪಟಗ, ಹಿಂದಿನ ಪರದೆ ಎಲ್ಲವನ್ನೂ ಸರಿ ಮಾಡಿದೆ. ಬೇರೆ ಫೋಟೋ ಇದೆಯೇ ಎಂದರೆ ಇಲ್ಲ. ಮತದಾರರ ಚೀಟಿಯೂ ನೀರುಪಾಲು. ತೀರಿಹೋದವರ ತಮ್ಮ ಮುಂದೆ ಬಂದು, "ನಂದೂ ಅಣ್ಣಂದೂ ಒಂದೇ ಕಣ್ಣು, ನಂದು ಫೋಟೋ ಹೊಡದು ಅಲ್ಲಿಗೆ ಹಾಕ್ರಿ" ಎಂದರು. ನಮ್ಮ ಕಸುಬಿನಲ್ಲಿ ಇದು ನಡೆಯುವ ಪದ್ಧತಿಯೇ. ಅಣ್ಣನ ಭುಜ ತಮ್ಮನಿಗೆ, ಒಬ್ಬರ ಕೋಟು ಇನ್ನೊಬ್ಬರಿಗೆ ಎಷ್ಟೋ ಸಲ ಹೋಗಿದೆ. ಅಲ್ಲಿಯವರೆಗೆ ಬಾಗಿಲ ಬಳಿ ಕೂತಿದ್ದ ಹೆಂಡತಿ, "ಬ್ಯಾಡ್ರಿ. ಕಣ್ಣು ಒಂದೇ ಇದ್ರೂ ನೋಟ ಬ್ಯಾರೆ" ಎಂದರು. ಕಣ್ಣಿನ ಜಾಗ ಮಸುಕಾಗಿಯೇ ಇರುವ ಫೋಟೋವನ್ನು ಫ್ರೇಮು ಹಾಕಿಸಿಕೊಂಡು ಹೋದರು. ನನ್ನ ಕೈಯಿಂದ ಹೋದ ಕೆಲಸಗಳಲ್ಲಿ ಇದು ಅತ್ಯಂತ ಅಪೂರ್ಣವಾದದ್ದು; ನನ್ನ ಮಟ್ಟಿಗೆ ಅತ್ಯಂತ ಸರಿಯಾದದ್ದೂ ಇದೇ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಕೌಂಟರಿನ ಮೇಲಿನ ಆ ಎರಡು ಪ್ರಿಂಟುಗಳು ಮೊಬೈಲಿಗೆ ಹೋದವು. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ, ವಾಟ್ಸಾಪ್ ಸ್ಟೇಟಸ್ಸು. ಎಲ್ಲೆಲ್ಲೂ 'ಬಿಫೋರ್, ಆಫ್ಟರ್'. ನಡುವೆ ಒಂದು ಗೆರೆ, ಬೆರಳಿನಿಂದ ಅತ್ತಿತ್ತ ಸರಿಸಿದರೆ ಮಾಯಾಜಾಲ. ನಾನೂ ಹಾಕಿದ್ದೇನೆ, ಆರ್ಡರೂ ಬಂದಿವೆ. ಆದರೆ ಇದರಲ್ಲಿ ಕೈಚಳಕ ಎಲ್ಲಿ ನಡೆಯುತ್ತದೆಂದು ಕಸುಬಿನವರಿಗೆ ಗೊತ್ತು. ಹೆಚ್ಚಿನ ಸಲ ಟಚಿಂಗ್ ನಡೆದಿರುವುದು ಮೊದಲಿನ ಫೋಟೋದ ಮೇಲೆ! ಬೇಕೆಂದೇ ಅದನ್ನು ಕಪ್ಪಾಗಿಸುತ್ತಾರೆ, ಹಸಿರು ಬಳಿಯುತ್ತಾರೆ. ಇಲ್ಲವೇ ಏನೂ ಮಾಡದ, ಸಪ್ಪಗಿರುವ ರಾ ಫೈಲನ್ನೇ ಮೊದಲಿನದೆಂದು ತೋರಿಸುತ್ತಾರೆ. ರಾ ಫೈಲು ಸಪ್ಪಗಿರುವುದೇ ಅದರ ಗುಣ. ಕ್ಯಾಮೆರಾ ತಾನೇ ಕೊಡುವ ಜೆಪೆಗ್ಗನ್ನು ಪಕ್ಕಕ್ಕಿಟ್ಟರೆ ಅರ್ಧ ಮಾಯೆ ಇಳಿದುಹೋಗುತ್ತದೆ. ಇನ್ನು ಕೆಲವರು ಎರಡು ಬೇರೆ ಬೇರೆ ಕ್ಷಣದ ಫೋಟೋ ಹಾಕುತ್ತಾರೆ. ಮೊದಲಿನದರಲ್ಲಿ ಮುಖ ಗಂಟು, ಆಮೇಲಿನದರಲ್ಲಿ ನಗು. ನಗುವಿಗೂ ಟಚಿಂಗಿಗೂ ಏನು ಸಂಬಂಧ?

ನನ್ನ ಬಳಿ ಕಲಿಯಲು ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಎರಡೂ ಒಂದೇ ಫ್ರೇಮಿನವಾಗಿರಲಿ, ಒಂದೇ ಅಳತೆ, ಒಂದೇ ಕ್ರಾಪು. ಎರಡನ್ನೂ ಎಸ್‌ಆರ್‌ಜಿಬಿಗೆ ಬದಲಿಸಿಯೇ ಹಾಕಿ; ಒಂದು ಅಡೋಬಿ ಆರ್‌ಜಿಬಿಯಲ್ಲಿ ಉಳಿದರೆ ಎಷ್ಟೋ ಮೊಬೈಲಿನಲ್ಲಿ ಅದರ ಬಣ್ಣ ಇಳಿದು ಕಾಣುತ್ತದೆ, ಹೋಲಿಕೆಯೇ ಸುಳ್ಳಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸುತ್ತದೆ, ಚರ್ಮದ ನೆಯ್ಗೆಯೇ ಮಾಯ. ಡಾಕ್ಯುಮೆಂಟ್ ಎಂದು ಕಳಿಸಿ. ಎಲ್ಲಕ್ಕೂ ಮುಂಚೆ, ಯಾರ ಮುಖವೋ ಅವರನ್ನು ಕೇಳಿ. ಕೌಂಟರಿನ ಮೇಲೆ ಇಟ್ಟಾಗ ಆ ಎರಡನ್ನೂ ನೋಡುತ್ತಿದ್ದದ್ದು ಆ ಮುಖದವರು ಮತ್ತು ನಾವು. ಈಗ ಊರೇ ನೋಡುತ್ತದೆ. ಮದುವೆಗೆ ಮುಂಚೆ ಒಬ್ಬ ಹುಡುಗಿಯ ಮೊಡವೆ ಮುಖವನ್ನು ಯಾರೋ ಹೀಗೆ ಜಾಹೀರಾತು ಮಾಡಿ, ಅದು ಬೀಗರ ಮೊಬೈಲಿಗೂ ಹೋಗಿ ತಲುಪಿದ ಕತೆ ನಮ್ಮಲ್ಲೇ ನಡೆದಿದೆ.

ನಾನು ಕಂಡ ಅತ್ಯುತ್ತಮ 'ಮೊದಲು, ಆಮೇಲೆ' ಹಂಪಿಯದು. 2021ರಲ್ಲಿ ವಿಜಯನಗರ ಜಿಲ್ಲೆಯಾಗುವ ತನಕ ಹಂಪಿ ನಮ್ಮ ಜಿಲ್ಲೆಯದೇ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಅಲ್ಲಿ ತಿರುಗಿ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಗುಡಿಗಳನ್ನು ಹಿಡಿದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಆ ಫೋಟೋಗಳನ್ನು ಹಿಡಿದುಕೊಂಡು ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ಪುಸ್ತಕವೂ ಆಗಿದೆ. ಅದರಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥ ನೋಡಬೇಕು. ಗ್ರೀನ್‌ಲಾ ಫೋಟೋದಲ್ಲಿ ರಥದ ಮೇಲೊಂದು ಇಟ್ಟಿಗೆಯ ಶಿಖರ ಇದೆ. ಈಗಿಲ್ಲ, ಆಮೇಲೆ ತೆಗೆದುಬಿಟ್ಟರು. 2017ರ ಐವತ್ತು ರೂಪಾಯಿ ನೋಟಿನ ಹಿಂದೆ ಇರುವುದೂ ಶಿಖರವಿಲ್ಲದ ರಥವೇ. ದೇಶದ ಎಲ್ಲರ ಜೇಬಿನಲ್ಲೂ ಇರುವುದು ಆಮೇಲಿನ ಫೋಟೋ. ಮೊದಲಿನದು ಉಳಿಯದೇ ಹೋಗಿದ್ದರೆ, ರಥ ಮೊದಲಿಂದಲೂ ಹೀಗೇ ಇತ್ತೆಂದು ನಾವೆಲ್ಲ ಆಣೆ ಮಾಡುತ್ತಿದ್ದೆವು.

ಈಗ ಎಐ ಬಂದಿದೆ. 2023ರಿಂದ ಫೋಟೋಶಾಪಿನ ಒಳಗೇ ಖಾಲಿ ಜಾಗವನ್ನು ತಾನೇ ಊಹಿಸಿ ತುಂಬುವ ಸೌಲಭ್ಯವಿದೆ, ಮೊಬೈಲಿನಲ್ಲೂ ಹತ್ತೆಂಟು ಆ್ಯಪುಗಳಿವೆ. ತಾತನ ಹರಿದ ಫೋಟೋ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಳೆಯುವ ಮುಖವೊಂದು ಬರುತ್ತದೆ. ಹಲ್ಲು ನೇರ, ಚರ್ಮ ನುಣುಪು, ಕಣ್ಣಿನಲ್ಲಿ ಮಿಂಚು. ತಾತ ಮಾತ್ರ ಅಲ್ಲಿಲ್ಲ. ಪದರ ಹೋಗಿ ಬಿಳಿ ಬಿದ್ದ ಜಾಗಕ್ಕೆ ಅದು ಲಕ್ಷಾಂತರ ಬೇರೆ ಮುಖಗಳಿಂದ ಕಣ್ಣು ತಂದು ಹಾಕುತ್ತದೆ. ಮನೆಯ ತಮ್ಮನ ಕಣ್ಣೇ ಬೇಡವೆಂದವರು ಇದಕ್ಕೆ ಏನೆನ್ನುತ್ತಿದ್ದರೋ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಧೂಳಿನ ಚುಕ್ಕೆ, ಗೀರು, ಮಡಿಕೆಯ ಗೆರೆಗೆ ನಾನೂ ಬಳಸುತ್ತೇನೆ. ಅದು ಮುಗಿದ ಮೇಲೆ ಮೂಲದ ಸ್ಕ್ಯಾನನ್ನು ಪಕ್ಕಕ್ಕೆ ಇಟ್ಟು, ಕಣ್ಣು, ಮೂಗು, ಬಾಯಿ ಒಂದೊಂದನ್ನೇ ತಾಳೆ ನೋಡುತ್ತೇನೆ. ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ ಆ ಮೊದಲಿನ ಫೋಟೋ. ನಾನು ಏನು ತೆಗೆದೆ, ಏನು ಹಾಕಿದೆ ಎಲ್ಲಕ್ಕೂ ಲೆಕ್ಕ ಕೊಡುವುದು ಅದೊಂದೇ. ಫ್ರಾನ್ಸಿನಲ್ಲಿ ರೂಪದರ್ಶಿಯ ಮೈಕಟ್ಟು ತಿದ್ದಿದ ಜಾಹೀರಾತಿಗೆ ತಿದ್ದಿದ್ದೇವೆಂದು ಬರೆಯಬೇಕೆಂಬ ನಿಯಮ 2017ರಲ್ಲೇ ಬಂತು. ಬಳ್ಳಾರಿಯ ಸ್ಟುಡಿಯೋಗೆ ಅಂಥ ಕಾನೂನಿಲ್ಲ. ಎರಡು ಪ್ರಿಂಟು ಪಕ್ಕಪಕ್ಕ ಇಟ್ಟ ಯಜಮಾನರಿಗೂ ಇರಲಿಲ್ಲ.

ಹಾಗಾಗಿ ಹಳೆಯ ಫೋಟೋ ಸರಿ ಮಾಡಲು ತಂದವರಿಗೆಲ್ಲ ನಾನೀಗ ಎರಡು ಫೈಲು ಕೊಡುತ್ತೇನೆ. ಕೈ ಹಚ್ಚದ ಸ್ಕ್ಯಾನೊಂದು, ಸರಿ ಮಾಡಿದ್ದೊಂದು. ಮೊದಲಿನದಕ್ಕೆ ದುಡ್ಡಿಲ್ಲ, ಆಮೇಲಿನದಕ್ಕೆ ಮಾತ್ರ ಬಿಲ್ಲು. ಈಚೆಗೆ ಸಿರುಗುಪ್ಪದಿಂದ ಬಂದ ಒಬ್ಬ ರೈತರು ಬಿಲ್ಲನ್ನು ಒಂದು ಸಲ, ಸ್ಕ್ರೀನನ್ನು ಒಂದು ಸಲ ನೋಡಿ, "ಇದು ಪುಕ್ಕಟೆ ಏನ್ರೀ?" ಎಂದು ಮೊದಲಿನದರ ಕಡೆ ಕೈ ತೋರಿಸಿದರು. ಹೌದೆಂದೆ. "ಹಂಗಾದ್ರ ಇದನ್ನೇ ಕೊಡ್ರಿ. ನಮ್ಮಪ್ಪ ಇದರಾಗ ಚಲೋ ಅದಾನ" ಎಂದರು.